ಚಕ್ರವೂ ಕ್ಯಾಮರಾವೂ ಸಾಗಿದ ಹಾದಿ

ಪೂರ್ವ ತುರ್ಕಿಯ ಎರ್ಜುರುಮ್ ಪಟ್ಟಣದಿಂದ ಮೂಡಣ ದಿಕ್ಕಿಗೆ ಹೊರಡುವ ದಾರಿ ಮೊದಲ ದಿನವೆಲ್ಲ ಬೋಳು ಬಯಲಿನಲ್ಲಿಯೇ ಸಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು ೧,೯೦೦ ಮೀಟರುಗಳಷ್ಟು ಎತ್ತರದ ಬಯಲು ಅದು. ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿ ಊರು, ಹೊಲ, ಹುಲ್ಲುಗಾವಲುಗಳು ಕಣ್ಣು ಹರಿಯುವವರೆಗೂ ಹರಡಿಕೊಂಡಿವೆಯೆಂದರೆ ಕನ್ನಡ ನಾಡಿನ ವಾಚಕರಿಗೆ ಒಂದು ಅಂದಾಜು ದೊರೆತೀತು. ಮರಗಳು ವಿರಳ. ಹಿಮ ಬಿದ್ದಿತೆಂದರೆ ತಿಂಗಳುಗಟ್ಟಲೆ ಕರಗದು. ಹಿಂದಿನ ಕಾಲದಲ್ಲಿ ಇಲ್ಲಿಯ ಹಳ್ಳಿಗರು ಅರ್ಧ ನೆಲದೊಳಕ್ಕೆ ಹುದುಗಿದ ಮಣ್ಣಿನ ಮನೆಗಳಲ್ಲಿ ದನಕರುಗಳೊಡನೆ ಚಳಿಗಾಲವನ್ನು ಕಳೆಯುತ್ತಿದ್ದರು. ಸೌದೆಯಿಲ್ಲದ ಸೀಮೆಯಾದ್ದರಿಂದ ಅವರ ಒಲೆಯಲ್ಲಿ ಉರಿಯುತ್ತಿದ್ದುದು ಬೆರಣಿ. ಬೇಸಗೆಯಲ್ಲಿ ತಟ್ಟಿ ಒಣಗಿಸಿದ ಬೆರಣಿಯನ್ನು ಗೋಪುರಗಳಂತೆ ಒಟ್ಟಿ ಇಡುವ ಅವರ ರೀತಿಯನ್ನು ಕಂಡರೆ ಬಯಲುಸೀಮೆಯ ನಮ್ಮ ಹಳ್ಳಿಗರು ಪರದೇಶಕ್ಕೆ ಬಂದೆವೆಂಬುದನ್ನು ಒಂದು ಗಳಿಗೆ ಮರೆತಾರು.

ಬಯಲು ಮುಗಿಯುವಲ್ಲಿ ಅರಾಸ್ ನದಿ ಎದುರಾಗುತ್ತದೆ. ಇಲ್ಖಾನರ ಕಾಲದಲ್ಲಿ ಕಟ್ಟಿದ ಚೋಬಾನ್ ದೆದೆ ಎಂಬ ಕಲ್ಲಿನ ಸೇತುವೆ ಇಂದಿಗೂ ಅಲ್ಲಿ ನಿಂತಿದೆ. ಅದರಾಚೆ ದಾರಿ ಬೆಟ್ಟಕ್ಕೆ ಹತ್ತುತ್ತದೆ. ದೆಲಿ ಬಾಬಾ ಎಂಬ ಇಕ್ಕಟ್ಟಿನ ಕಣಿವೆ ಒಂದು ಕಾಲಕ್ಕೆ ದರೋಡೆಗೆ ಹೆಸರಾಗಿತ್ತು. ಕಣಿವೆಯನ್ನು ದಾಟಿ ಇಳಿದರೆ ಅಲಾಷ್ಕರ್ಟಿನ ವಿಶಾಲವಾದ ಮೈದಾನ. ಅಲ್ಲಿಂದ ಮುಂದೆ ಕರಕಿಲಿಸೆ, ದಿಯಾದಿನ್ ಎಂಬ ಊರುಗಳು. ಯೂಫ್ರೆಟಿಸ್ ನದಿಯ ಪೂರ್ವದ ಕವಲಾದ ಮುರಾತ್ ಹೊಳೆ ಈ ಸೀಮೆಯಲ್ಲಿಯೇ ಹುಟ್ಟುತ್ತದೆ. ಕೊನೆಗೆ, ಎರ್ಜುರುಮಿನಿಂದ ಸುಮಾರು ೨೮೦ ಕಿಲೋಮೀಟರು ದೂರದಲ್ಲಿ, ಬಯಾಜಿದ್ ಪಟ್ಟಣದ ಎದುರಿಗೆ ಅರಾರತ್ ಪರ್ವತ ಒಮ್ಮೆಲೇ ಎದ್ದು ನಿಲ್ಲುತ್ತದೆ. ಎತ್ತರ ೫,೧೩೭ ಮೀಟರು. ಬೇರೆ ಪರ್ವತಗಳ ನೆರವಿಲ್ಲದೆ ಒಂಟಿಯಾಗಿ ನಿಂತ ಆ ಹಿಮಶಿಖರಕ್ಕೆ ಚಿಕ್ಕ ಅರಾರತ್ ಎಂಬ ಒಂದೇ ಒಂದು ಜೊತೆ. ಪ್ರಳಯಕಾಲದಲ್ಲಿ ನೋಹನ ನಾವೆ ಬಂದು ನಿಂತದ್ದು ಇಲ್ಲಿಯೇ ಎಂದು ಕ್ರೈಸ್ತರ ಪರಂಪರೆಯಲ್ಲಿ ನಂಬಿಕೆಯಿದೆ.

ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್ ಬಂದರನ್ನು ಪಾರಸ ದೇಶದ ತಬ್ರೀಜ್ ನಗರಕ್ಕೆ ಜೋಡಿಸುತ್ತಿದ್ದ ಸಾರ್ಥವಾಹರ ಮಾರ್ಗವಿದು. ಒಂಟೆಗಳ ಸಾಲುಗಳು ಯುರೋಪಿನ ಬಟ್ಟೆಯನ್ನು ಹೊತ್ತು ಒಳನಾಡಿಗೆ ಹೋಗುತ್ತಿದ್ದವು. ಪಾರಸದ ರತ್ನಗಂಬಳಿ, ರೇಷ್ಮೆ, ಒಣಹಣ್ಣುಗಳನ್ನು ಹೊತ್ತು ಮರಳುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂತಹ ಒಂಟೆಗಳ ನಡುವೆ ಒಂದು ವಿಚಿತ್ರ ವಾಹನ ಕಾಣಿಸಿಕೊಂಡಿತು. ಎಳೆಯಲು ಎತ್ತಿಲ್ಲ, ಕುದುರೆಯಿಲ್ಲ, ಎರಡೇ ಚಕ್ರ, ನಿಲ್ಲಿಸಿದರೆ ಬೀಳುತ್ತದೆ, ಓಡಿಸಿದರೆ ಬೀಳುವುದಿಲ್ಲ. ಹಳ್ಳಿಗರು ಅದಕ್ಕೆ ‘ಷೈತಾನ್ ಅರಬಾಸಿ’, ಎಂದರೆ ಸೈತಾನನ ಗಾಡಿ, ಎಂದು ಹೆಸರಿಟ್ಟರು. ೧೮೮೫ರಿಂದ ೧೮೯೪ರೊಳಗೆ ಈ ಒಂದೇ ದಾರಿಯಲ್ಲಿ ಬೈಸಿಕಲ್ಲೇರಿ ಲೋಕವನ್ನು ಸುತ್ತಲು ಹೊರಟವರು ಮೂರು ಬಾರಿ ಹಾದುಹೋದರು. ಮೊದಲನೆಯವನ ಬಳಿ ಕ್ಯಾಮರಾ ಇರಲಿಲ್ಲ. ಉಳಿದವರ ಬಳಿ ಇತ್ತು. ಈ ದಾರಿಯ ಕಥೆಯೆಲ್ಲ ಆ ಒಂದು ಪೆಟ್ಟಿಗೆಯ ಸುತ್ತಲೇ ತಿರುಗುತ್ತದೆ.

ಮೊದಲನೆಯವನು ಥಾಮಸ್ ಸ್ಟೀವನ್ಸ್. ೧೮೮೪ರ ಏಪ್ರಿಲ್ ೨೨ರಂದು ಸಾನ್ ಫ್ರಾನ್ಸಿಸ್ಕೋದಿಂದ ಹೊರಟು, ಅಮೆರಿಕೆಯನ್ನೂ ಯುರೋಪನ್ನೂ ದಾಟಿ, ೧೮೮೫ರಲ್ಲಿ ಅವನು ಈ ದಾರಿಗೆ ಬಂದ. ಅವನ ವಾಹನದ ಮುಂದಿನ ಚಕ್ರ ಐವತ್ತು ಅಂಗುಲ ಎತ್ತರದ್ದು, ಹಿಂದಿನದು ಪುಟ್ಟದು. ಅಂತಹ ಗಾಡಿಯ ಮೇಲೆ ಏನನ್ನು ತಾನೆ ಹೇರಲು ಸಾಧ್ಯ? ಒಂದು ಬದಲಿ ಅಂಗಿ, ಕಾಲುಚೀಲ, ರಾತ್ರಿ ಹಾಸಿಗೆಯಾಗಿಯೂ ಒದಗುತ್ತಿದ್ದ ಮಳೆಯಂಗಿ, ಒಂದು ಪಿಸ್ತೂಲು, ಇಷ್ಟೇ ಅವನ ಆಸ್ತಿ. ಮುಂದೆ ಅವನು ಹಿಂದುಸ್ಥಾನಕ್ಕೂ ಬಂದು, ೧೮೮೬ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸವಾರಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾವನ್ನು ಮುಟ್ಟಿದ. ಅವನು ಬರೆದ ಎರಡು ಸಂಪುಟಗಳಲ್ಲಿ ಚಿತ್ರಗಳೇನೋ ಬೇಕಾದಷ್ಟಿವೆ. ಬಹುಪಾಲು ಚಿತ್ರಕಾರರ ಕೈಕೆಲಸ ಅವು. ಸೊಗಸಾಗಿಯೇ ಇವೆ. ಆದರೆ ಕುರ್ದ್ ಸವಾರನ ಮುಂಡಾಸು ಸುತ್ತಿದ ಬಗೆ ನಿಜವಾಗಿಯೂ ಹಾಗೆಯೇ ಇತ್ತೇ, ಆ ಮುದುಕಿಯ ಮುಖದಲ್ಲಿ ಇದ್ದುದು ಭಯವೇ ಕುತೂಹಲವೇ ಎಂಬುದಕ್ಕೆ ಚಿತ್ರಕಾರ ಸಾಕ್ಷಿಯಾಗಲಾರ.

ಸ್ಟೀವನ್ಸನು ಕ್ಯಾಮರಾ ಒಯ್ಯಲಿಲ್ಲವೆಂದು ಅವನನ್ನು ದೂರುವುದು ತರವಲ್ಲ. ಅಂದು ಕ್ಯಾಮರಾ ಎಂದರೆ ಗಾಜಿನ ಫಲಕ. ಹಳೆಯ ಕಾಲದ ಸ್ಟುಡಿಯೋಗಳಲ್ಲಿ ಮುಕ್ಕಾಲಿಯ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ತಲೆ ತೂರಿಸಿ ನಿಂತಿರುತ್ತಿದ್ದ ಛಾಯಾಗ್ರಾಹಕರನ್ನು ನೆನೆದವರಿಗೆ ಅದರ ತಾಪತ್ರಯ ತಿಳಿದೇ ಇದೆ. ಅಂಗೈಯಗಲದ ಒಂದು ಡಜನ್ ಫಲಕಗಳೇ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತವೆ. ಅವುಗಳಿಗೆ ಚೌಕಟ್ಟು, ಪೆಟ್ಟಿಗೆ, ಮುಕ್ಕಾಲಿ ಬೇರೆ. ಒಂದು ಚಿತ್ರಕ್ಕೆ ಒಂದು ಫಲಕ. ಮುಗಿದ ಮೇಲೆ ಕತ್ತಲಲ್ಲಿ ಕುಳಿತು ಹೊಸದನ್ನು ತುಂಬಬೇಕು. ನೂರು ಚಿತ್ರ ಬೇಕೆಂದರೆ ನೂರು ಗಾಜುಗಳು. ಅವುಗಳನ್ನು ಬೈಸಿಕಲ್ಲಿನ ಮೇಲೆ ಹೇರಿ, ಒಂಟೆಯ ಗೊರಸು ಕೆದರಿದ ಕಲ್ಲುದಾರಿಯಲ್ಲಿ ನಡೆಸಿದರೆ ಸಂಜೆಗೆ ಉಳಿಯುವುದು ಗಾಜಿನ ಚೂರು.

ಇಲ್ಲಿ ಬೈಸಿಕಲ್ಲಿನ ಸ್ವಭಾವವನ್ನು ಒಂದಿಷ್ಟು ಹೇಳಬೇಕು. ಕುದುರೆಯ ಮೇಲಾಗಲಿ ಒಂಟೆಯ ಮೇಲಾಗಲಿ ಹೇರಿದ ಸಾಮಾನು ತೂಗಾಡುತ್ತದೆ. ಬೈಸಿಕಲ್ಲಿನ ಮೇಲಿನ ಸಾಮಾನು ನಡುಗುತ್ತದೆ. ತೂಗಾಟಕ್ಕಿಂತ ಈ ನಡುಕವೇ ಕ್ಯಾಮರಾಕ್ಕೆ ಶತ್ರು. ಹಿಂದಿನ ಚಕ್ರದ ಮೇಲಿನ ಕ್ಯಾರಿಯರಿನಲ್ಲಿ ಕಟ್ಟಿದರೆ ಪ್ರತಿಯೊಂದು ಕಲ್ಲಿನ ಪೆಟ್ಟೂ ನೇರವಾಗಿ ಪೆಟ್ಟಿಗೆಗೆ ತಗಲುತ್ತದೆ. ತಿರುಪುಮೊಳೆಗಳು ತಾವಾಗಿಯೇ ಸಡಿಲಗೊಂಡು ದಾರಿಯಲ್ಲಿ ಉದುರುತ್ತವೆ. ಹ್ಯಾಂಡಲಿಗೆ ತೂಗುಹಾಕಿದರೆ ಬೇಕೆಂದಾಗ ಕೈಗೆ ಸಿಕ್ಕುವುದೇನೋ ನಿಜ, ಆದರೆ ಭಾರವಾದ ಪೆಟ್ಟಿಗೆ ಮುಂದಿನ ಚಕ್ರವನ್ನು ಅತ್ತಿತ್ತ ಎಳೆಯುತ್ತದೆ. ಎಲ್ಲಕ್ಕಿಂತ ಸುರಕ್ಷಿತವಾದ ಸ್ಥಳ ಸವಾರನ ಬೆನ್ನು. ಮನುಷ್ಯನ ಮೈಗಿಂತ ಮೆತ್ತನೆಯ ಸ್ಪ್ರಿಂಗನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಅದರ ಬೆಲೆಯನ್ನು ಮಾತ್ರ ಸವಾರನೇ ತೆರಬೇಕು. ಭುಜದಲ್ಲಿ ಪಟ್ಟಿಯ ಬಾಸುಂಡೆ, ಬೆನ್ನಿಗೆ ಬೆವರು, ಬಿದ್ದರೆ ಕ್ಯಾಮರಾ ಮುರಿಯದಂತೆ ಮೈಯನ್ನೇ ಮುಂದೊಡ್ಡುವ ಅಭ್ಯಾಸ. ಇಂದಿನ ಸವಾರರೂ ಈ ಮೂರು ಸ್ಥಳಗಳ ನಡುವೆಯೇ ತೂಗಿ ನೋಡುತ್ತಾರೆ. ನಾಲ್ಕನೆಯದೊಂದು ಇನ್ನೂ ಸಿಕ್ಕಿಲ್ಲ.

೧೮೮೮ರಲ್ಲಿ ಎರಡು ಸಂಗತಿಗಳು ನಡೆದುವು. ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರನ್ನು ಬೈಸಿಕಲ್ಲಿಗೆ ತೊಡಿಸಿದ. ಅಮೆರಿಕೆಯಲ್ಲಿ ಜಾರ್ಜ್ ಈಸ್ಟ್‌ಮನ್ನನು ಕೊಡಕ್ ಎಂಬ ಪುಟ್ಟ ಕ್ಯಾಮರಾವನ್ನು ಮಾರಾಟಕ್ಕೆ ಬಿಟ್ಟ. ಅದರ ಬೆಲೆ ೨೫ ಡಾಲರು. ಗಾಜಿನ ಬದಲು ಸುರುಳಿ. ಒಂದು ಸುರುಳಿಯಲ್ಲಿ ನೂರು ಚಿತ್ರಗಳು. ಮುಗಿದೊಡನೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿ, ಹತ್ತು ಡಾಲರು ತೆತ್ತರೆ, ತೊಳೆದ ಚಿತ್ರಗಳೂ ಹೊಸ ಸುರುಳಿ ತುಂಬಿದ ಕ್ಯಾಮರಾವೂ ಮನೆಗೆ ಬರುತ್ತಿದ್ದವು. ಛಾಯಾಚಿತ್ರವನ್ನು ಹಾಗೆಯೇ ಅಚ್ಚಿನ ಪುಟಕ್ಕೆ ಇಳಿಸುವ ಹಾಫ್‌ಟೋನ್ ವಿಧಾನವೂ ಅದೇ ಕಾಲದಲ್ಲಿ ಪತ್ರಿಕೆಗಳಿಗೆ ಕೈಗೂಡತೊಡಗಿತ್ತು. ಇನ್ನು ಸಂಪಾದಕರಿಗೆ ಬರೆಹವೊಂದೇ ಸಾಲದಾಯಿತು. ಹೋದವನು ಕಂಡದ್ದನ್ನು ತೋರಿಸಲೂ ಬೇಕು.

ಈ ಹೊಸ ಸಾಮಗ್ರಿಯೊಡನೆ ಎರ್ಜುರುಮಿನ ದಾರಿಗೆ ಬಂದವರು ಥಾಮಸ್ ಅಲೆನ್ ಮತ್ತು ವಿಲಿಯಮ್ ಸ್ಯಾಕ್ಟ್‌ಲೆಬೆನ್ ಎಂಬ ಇಬ್ಬರು ಅಮೆರಿಕನ್ ತರುಣರು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಮರುದಿನವೇ ಪ್ರಯಾಣ ಹೊರಟವರು. ೧೮೯೦ರ ಜೂನ್ ೨೩ರಂದು ನ್ಯೂಯಾರ್ಕಿನಲ್ಲಿ ಹಡಗು ಹತ್ತಿ, ಲಿವರ್‌ಪೂಲಿನಿಂದ ಬೈಸಿಕಲ್ ಸವಾರಿಯನ್ನು ಆರಂಭಿಸಿ, ಯುರೋಪನ್ನು ಹಾದು, ಅಥೆನ್ಸಿನಲ್ಲಿ ಚಳಿಗಾಲವನ್ನು ಕಳೆದು, ೧೮೯೧ರ ಏಪ್ರಿಲಿನಲ್ಲಿ ಬಾಸ್ಫೊರಸ್ ಜಲಸಂಧಿಯನ್ನು ದಾಟಿ ಏಷ್ಯದ ನೆಲದ ಮೇಲೆ ಚಕ್ರವೂರಿದರು. ದುಭಾಷಿಯಿಲ್ಲ, ಮಾರ್ಗದರ್ಶಕನಿಲ್ಲ, ಹೋದ ದೇಶದ ನಾಲ್ಕು ಮಾತುಗಳನ್ನು ಕಲಿತುಕೊಂಡು ಮುಂದುವರಿಯುವುದು ಅವರ ನಿಯಮ. ಮೊಸರು, ರಟ್ಟಿನಂತಹ ತೆಳುವಾದ ಅಗಲ ರೊಟ್ಟಿ, ಇವು ಅವರ ಆಹಾರ. ಊರೂರಿನಲ್ಲಿಯೂ ಅವರ ಊಟಕ್ಕೆ ಮುಂಚೆ ಬೈಸಿಕಲ್ಲಿನ ಪ್ರದರ್ಶನ ನಡೆಯಲೇಬೇಕು. ಊರ ಮುಖಂಡನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ತೋರಿಸಿದ ಹೊರತು ಊಟವೂ ಇಲ್ಲ, ಮಲಗಲು ಜಾಗವೂ ಇಲ್ಲ.

ಬೈಸಿಕಲ್ಲು ಜನರನ್ನು ಕೂಡಿಸುತ್ತಿತ್ತು. ಕ್ಯಾಮರಾ ಅವರನ್ನು ಹಿಡಿದಿಡುತ್ತಿತ್ತು. ಮುಕ್ಕಾಲಿ, ಕರಿಬಟ್ಟೆಗಳಿಲ್ಲದ ಆ ಪುಟ್ಟ ಪೆಟ್ಟಿಗೆಯನ್ನು ಎದೆಯ ಬಳಿ ಹಿಡಿದು ಗುಂಡಿಯೊತ್ತಿದರೆ ಏನು ನಡೆಯಿತೆಂದು ಎದುರಿಗಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ. ಅವರ ದೃಷ್ಟಿಯೆಲ್ಲ ಚಕ್ರದ ಮೇಲೆ. ಆದ್ದರಿಂದಲೇ ಈ ಚಿತ್ರಗಳಲ್ಲಿ ಸ್ಟುಡಿಯೋದ ಬಿಗುಮಾನ ಕಡಮೆ. ಹೀಗೆ ಕೇಳದೆಯೇ ತೆಗೆದುಕೊಂಡದ್ದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಮುಖಗಳಲ್ಲಿ ಎಷ್ಟೋ ಮುಖಗಳಿಗೆ ಲೋಕದಲ್ಲಿ ಬೇರೆ ಗುರುತೇ ಉಳಿದಿಲ್ಲವೆಂಬುದನ್ನು ನೆನೆದಾಗ, ದೂರುವ ನಾಲಗೆ ತುಸು ತಡವರಿಸುತ್ತದೆ.

ಬಯಾಜಿದಿನಲ್ಲಿ ಅವರು ಬೈಸಿಕಲ್ಲುಗಳನ್ನು ಬಿಟ್ಟು ಅರಾರತ್ತನ್ನು ಹತ್ತಲು ಹೊರಟರು. ಕ್ಯಾಮರಾವನ್ನು ಮಾತ್ರ ಬಿಡಲಿಲ್ಲ. ೧೮೨೯ರಲ್ಲಿ ಪ್ಯಾರಟ್ ಎಂಬ ವಿಜ್ಞಾನಿಯು ಅರ್ಮೇನಿಯದ ಖಚಾತುರ್ ಅಬೋವಿಯನ್ ಮೊದಲಾದವರೊಡನೆ ಮೊತ್ತಮೊದಲು ಏರಿದ ಶಿಖರವದು. ಹಿಮದಲ್ಲಿ ಕಾಲು ಹುಗಿಯುತ್ತ, ಉಸಿರಿಗೆ ತಡಕಾಡುತ್ತ, ೧೮೯೧ರ ಜುಲೈ ೪ರಂದು, ತಮ್ಮ ದೇಶದ ಸ್ವಾತಂತ್ರ್ಯದ ದಿನವೇ ಅವರು ನೆತ್ತಿಯನ್ನು ಮುಟ್ಟಿದರು. ಧ್ವಜವನ್ನು ಬಿಚ್ಚಿ, ಪಿಸ್ತೂಲು ಹಾರಿಸಿ, ಆ ಸಂಭ್ರಮದ ಚಿತ್ರವನ್ನೂ ತೆಗೆದರು. ಪರಕೀಯರ ಪರ್ವತದ ಮೇಲೆ ತಮ್ಮ ಬಾವುಟವನ್ನು ಹಾರಿಸುವ ಆ ಕಾಲದ ಬಿಳಿಯರ ಹುಮ್ಮಸ್ಸಿಗೆ ಇಂದು ನಗು ಬಂದರೆ ತಪ್ಪಿಲ್ಲ. ಆದರೂ ಸಾಗಿಸಿದ ಶ್ರಮವಂತೂ ಸುಳ್ಳಲ್ಲ.

ಅಲ್ಲಿಂದ ಮುಂದೆ ಪಾರಸ, ತುರ್ಕಿಸ್ಥಾನ, ಚೀನ. ಚೀನದ ಗಡಿಯ ಕುಲ್ಜಾ ಪಟ್ಟಣದಲ್ಲಿ ಅವರು ಹೊರೆಯನ್ನು ತಗ್ಗಿಸಲು ಕುಳಿತ ಪ್ರಸಂಗ ಬೈಸಿಕಲ್ ಪ್ರವಾಸಿಗರೆಲ್ಲ ನೆನೆಯುವಂತಹದು. ಒಳನಾಡಿನಲ್ಲಿ ಬೆಳ್ಳಿಯ ತುಂಡು ಮತ್ತು ತೂತಿನ ಹಿತ್ತಾಳೆಯ ನಾಣ್ಯಗಳಲ್ಲದೆ ಬೇರೆ ಹಣ ನಡೆಯದು. ಆ ಹಣದ ಭಾರವೇ ಬಹಳ. ಅದಕ್ಕಾಗಿ ಹ್ಯಾಂಡಲಿನ ತುದಿಗಳನ್ನು ಕತ್ತರಿಸಿದರು, ಆಸನದ ಕಂಬವನ್ನು ಮೊಟಕು ಮಾಡಿದರು, ಅಂಗಿಯ ಹೆಚ್ಚಿನ ಗುಂಡಿಗಳನ್ನೂ ಕಿತ್ತೊಗೆದರು. ಇಷ್ಟು ಜಿಪುಣತನದ ನಡುವೆಯೂ ಚಿತ್ರ ತೆಗೆಯುವುದು ನಿಲ್ಲಲಿಲ್ಲ. ಗುಂಡಿಗೆ ಇಲ್ಲದ ಬೆಲೆ ಕ್ಯಾಮರಾಕ್ಕೆ ಇತ್ತು! ೧೮೯೨ರಲ್ಲಿ ಪೀಕಿಂಗನ್ನು ಮುಟ್ಟಿ, ಜಪಾನಿನ ಮಾರ್ಗವಾಗಿ ಅಮೆರಿಕೆಗೆ ಮರಳಿ, ೧೮೯೩ರ ಜೂನಿನಲ್ಲಿ ನ್ಯೂಯಾರ್ಕಿಗೆ ಬಂದಾಗ ಅವರು ಸವಾರಿ ಮಾಡಿದ್ದ ದೂರ ೧೫,೦೪೪ ಮೈಲಿ. ತೆಗೆದ ಚಿತ್ರಗಳು ೨,೫೦೦ಕ್ಕೂ ಹೆಚ್ಚು.

ಅವರು ಊರಿಗೆ ಮರಳುವ ಮುನ್ನವೇ ಮೂರನೆಯ ಸವಾರ ಹೊರಟಾಗಿತ್ತು. ಪಿಟ್ಸ್‌ಬರ್ಗಿನ ಫ್ರ್ಯಾಂಕ್ ಲೆಂಜ್. ಇಪ್ಪತ್ತೈದರ ಆಸುಪಾಸಿನ, ಲೆಕ್ಕ ಬರೆಯುವ ಗುಮಾಸ್ತ. ಎತ್ತರದ ಚಕ್ರದ ಬೈಸಿಕಲ್ಲಿನ ಕಾಲದಿಂದಲೇ ಗೆಳೆಯನೊಬ್ಬನ ಜೊತೆಗೆ ಕ್ಯಾಮರಾ ಹೊತ್ತು ದೂರದೂರುಗಳಿಗೆ ಹೋಗಿಬಂದವನು. ಚಿತ್ರ ತೆಗೆಯುವುದರಲ್ಲಿ ಪಳಗಿದ ಕೈ. ‘ಔಟಿಂಗ್’ ಎಂಬ ಮಾಸಪತ್ರಿಕೆ ಅವನನ್ನು ತನ್ನ ಬಾತ್ಮೀದಾರನನ್ನಾಗಿ ಮಾಡಿಕೊಂಡಿತು. ಹಿಂದೆ ಸ್ಟೀವನ್ಸನ ಕಥೆಯನ್ನು ಅಚ್ಚಿಸಿದ್ದ ಪತ್ರಿಕೆಯೂ ಅದೇ. ಲೆಂಜನ ಬರೆಹಕ್ಕೆ ಇಟ್ಟ ಶೀರ್ಷಿಕೆಯೇ ‘ಚಕ್ರ ಮತ್ತು ಕ್ಯಾಮರಾಗಳೊಡನೆ ಭೂಪ್ರದಕ್ಷಿಣೆ’ ಎಂಬರ್ಥದ್ದು. ಶೀರ್ಷಿಕೆಯಲ್ಲಿಯೇ ಕ್ಯಾಮರಾಕ್ಕೆ ಚಕ್ರದ ಪಕ್ಕದಲ್ಲಿ ಸಮಾಸನ ದೊರೆತ ಮೇಲೆ ಅದನ್ನು ದಾರಿಯಲ್ಲಿ ಎಲ್ಲಿಯಾದರೂ ಬಿಟ್ಟುಹೋಗುವ ಮಾತೆಲ್ಲಿಂದ ಬಂತು?

೧೮೯೨ರ ಮೇ ತಿಂಗಳಲ್ಲಿ ಗಾಳಿಟೈರಿನ ಹೊಸ ಬೈಸಿಕಲ್ಲನ್ನೇರಿ, ಬೆನ್ನಿಗೆ ದೊಡ್ಡ ಕ್ಯಾಮರಾವನ್ನು ಬಿಗಿದುಕೊಂಡು ಲೆಂಜ್ ಹೊರಟ. ಜೊತೆಗಾರರಿಲ್ಲ. ಅಲೆನ್ ಮತ್ತು ಸ್ಯಾಕ್ಟ್‌ಲೆಬೆನ್ ಇಬ್ಬರಿದ್ದರು. ಒಬ್ಬನು ಚಿತ್ರ ತೆಗೆಯುವಾಗ ಮತ್ತೊಬ್ಬನು ಬೈಸಿಕಲ್ಲುಗಳನ್ನು ಕಾಯಬಹುದಾಗಿತ್ತು. ಒಂಟಿ ಸವಾರನಿಗೆ ಆ ಭಾಗ್ಯವಿಲ್ಲ. ಗುಂಪು ಸೇರಿದ ಸಂತೆಯಲ್ಲಿ ಇಳಿದು, ಬೈಸಿಕಲ್ಲನ್ನು ಗೋಡೆಗೆ ಒರಗಿಸಿ, ಬೆನ್ನಿನ ಪೆಟ್ಟಿಗೆಯನ್ನು ಬಿಚ್ಚಿ, ಬೆಳಕನ್ನು ನೋಡಿ ಚಿತ್ರ ತೆಗೆಯುವಷ್ಟರಲ್ಲಿ ಎಷ್ಟು ಕೈಗಳು ಬೈಸಿಕಲ್ಲನ್ನು ಎಳೆದಾಡುತ್ತಿದ್ದುವೋ! ಅವನ ಹಲವು ಚಿತ್ರಗಳಲ್ಲಿ ಅವನೂ ಅವನ ಬೈಸಿಕಲ್ಲೂ ಇವೆ. ತಾನು ಅಲ್ಲಿ ನಿಂತಿದ್ದೆನೆಂಬುದಕ್ಕೆ ಓದುಗರಿಗೆ ಪುರಾವೆ ಬೇಡವೇ?

ಅಮೆರಿಕೆ, ಜಪಾನು, ಚೀನ. ಚೀನದ ಒಳನಾಡಿನಲ್ಲಿ ಕೆಲವು ಕಡೆ ಜನ ಅವನ ಮೇಲೆ ಕಲ್ಲು ಬೀಸಿದರು. ಬರ್ಮಾದಿಂದ ಕಲ್ಕತ್ತೆಗೆ ಬಂದಾಗ ಅವನಿಗೆ ಸ್ವರ್ಗದ ಬಾಗಿಲು ತೆರೆದಂತಾಗಿರಬೇಕು. ಸ್ಟೀವನ್ಸ್ ಇಳಿದುಬಂದಿದ್ದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಅವನು ಎದುರು ದಿಕ್ಕಿಗೆ ಏರಿ ಹೋದ. ಏಷ್ಯದಲ್ಲಿ ಅಂತಹ ರಸ್ತೆ ಅಂದು ಬೇರೊಂದಿರಲಿಲ್ಲ. ಇಕ್ಕೆಲದಲ್ಲಿ ಮರಗಳು, ಕೆಳಗೆ ಗಟ್ಟಿಮುಟ್ಟಾದ ಕಲ್ಲುರಸ್ತೆ. ಬೆನ್ನಿನ ಕ್ಯಾಮರಾಕ್ಕೂ ಅದನ್ನು ಹೊತ್ತ ಬೆನ್ನಿಗೂ ವಿಶ್ರಾಂತಿ ದೊರೆತದ್ದು ಅಲ್ಲಿಯೇ. ಕರಾಚಿಯಿಂದ ಹಡಗಿನಲ್ಲಿ ಪಾರಸದ ತೀರವನ್ನು ಸೇರಿ, ತೆಹರಾನನ್ನು ಹಾದು, ೧೮೯೪ರ ಮೇ ತಿಂಗಳ ಆರಂಭದಲ್ಲಿ ತಬ್ರೀಜಿನಿಂದ ಹೊರಟ. ಮುಂದಿನ ದೊಡ್ಡ ನಿಲುಗಡೆ ಎರ್ಜುರುಮ್. ಅರಾರತ್ತಿನ ತಪ್ಪಲು, ಬಯಾಜಿದ್, ದಿಯಾದಿನ್, ಕರಕಿಲಿಸೆ ಇವುಗಳನ್ನೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕು.

ಎರ್ಜುರುಮಿಗೆ ಅವನು ಬರಲಿಲ್ಲ.

ಊರಿನಲ್ಲಿ ಈ ಸುದ್ದಿ ತಿಳಿಯಲು ತಿಂಗಳುಗಳೇ ಹಿಡಿದುವು. ಕಾಗದಗಳು ನಿಂತುಹೋದುವು. ತಾಯಿ ಕಾದಳು. ಇತ್ತ ‘ಔಟಿಂಗ್’ ಪತ್ರಿಕೆಯಲ್ಲಿ ಲೆಂಜನ ಕಥೆ ಕಂತುಕಂತಾಗಿ ಬರುತ್ತಲೇ ಇತ್ತು. ದೂರದೇಶದಿಂದ ಬರೆಹವೂ ಚಿತ್ರಗಳೂ ಅಂಚೆಯಲ್ಲಿ ಬಂದು, ಅಚ್ಚಾಗಿ ಓದುಗರ ಕೈ ಸೇರುವಾಗ ಸವಾರನು ಬಹಳ ಮುಂದೆ ಹೋಗಿರುತ್ತಿದ್ದನಷ್ಟೆ. ಆದ್ದರಿಂದ, ಅವನು ಅಲಾಷ್ಕರ್ಟಿನ ಬಯಲಿನಲ್ಲಿ ಬಿದ್ದುಹೋದ ಎಷ್ಟೋ ಕಾಲದ ಮೇಲೂ ಓದುಗರ ಪಾಲಿಗೆ ಅವನು ಇನ್ನೂ ಸವಾರಿ ಮಾಡುತ್ತಿದ್ದ, ಚಿತ್ರ ತೆಗೆಯುತ್ತಿದ್ದ, ಮುಂದಿನ ಸಂಚಿಕೆಗೆ ಬರುವುದಾಗಿ ಹೇಳಿ ಹೋಗುತ್ತಿದ್ದ. ಧಾರಾವಾಹಿಗಳನ್ನು ವಾರವಾರವೂ ಕಾದು ಓದುವವರು ಇದನ್ನು ಒಂದು ಗಳಿಗೆ ಊಹಿಸಿಕೊಳ್ಳಲಿ. ಕಥಾನಾಯಕನು ಸತ್ತದ್ದು ತಿಳಿದಿದೆ. ಕಥೆ ಮಾತ್ರ ಮುಗಿದಿಲ್ಲ.

ಅವನನ್ನು ಹುಡುಕಲು ಪತ್ರಿಕೆಯವರು ೧೮೯೫ರಲ್ಲಿ ಕಳುಹಿಸಿದ್ದು ಬೇರೆ ಯಾರನ್ನೂ ಅಲ್ಲ, ಆ ದಾರಿಯನ್ನು ಬಲ್ಲ ಸ್ಯಾಕ್ಟ್‌ಲೆಬೆನ್ನನನ್ನು. ನಾಲ್ಕು ವರ್ಷಗಳ ಹಿಂದೆ ತಾನು ಬಾವುಟ ಹಿಡಿದು ನಕ್ಕ ಪರ್ವತದ ಸೀಮೆಗೆ ಅವನು ಈಗ ಹೆಣವನ್ನು ಹುಡುಕುತ್ತ ಬಂದ. ಎರ್ಜುರುಮಿನ ಬ್ರಿಟಿಷ್ ಕಾನ್ಸಲರು ನೆರವಾದರು. ತುರ್ಕಿಯ ಅಧಿಕಾರಿಗಳ ಅನುಮತಿಗಾಗಿ ಕಾಯುತ್ತ ವಾರಗಳು ಉರುಳಿದುವು. ಕೊನೆಗೆ ಕೂಡಿಬಂದ ಸಾಕ್ಷ್ಯಗಳ ಪ್ರಕಾರ, ಅಲಾಷ್ಕರ್ಟಿನ ಬಯಲಿನ ಚಿಲ್ಕಾನಿ ಎಂಬ ಹಳ್ಳಿಯ ಬಳಿ ಲೆಂಜನನ್ನು ಕೆಲವು ಕುರ್ದ್ ದರೋಡೆಗಾರರು ಕೊಂದಿದ್ದರು. ದೇಹ ಸಿಕ್ಕಲಿಲ್ಲ. ಸಾಕ್ಷಿ ನುಡಿದ ಅರ್ಮೇನಿಯನ್ ಹಳ್ಳಿಗರಲ್ಲಿ ಕೆಲವರೇ ಆರೋಪಿಗಳಾಗಿ ಸೆರೆಮನೆಯನ್ನು ಕಂಡರೆಂಬುದು ಈ ತನಿಖೆಯ ಅತ್ಯಂತ ಕಹಿಯಾದ ಭಾಗ. ಎಷ್ಟೋ ವರ್ಷಗಳ ಪತ್ರವ್ಯವಹಾರದ ನಂತರ ತುರ್ಕಿಯ ಸರಕಾರದಿಂದ ಲೆಂಜನ ತಾಯಿಗೆ ಒಂದಿಷ್ಟು ಪರಿಹಾರದ ಹಣ ಬಂದಿತು.

ಕೊಲೆಗೆ ಕಾರಣವೇನು? ಹಣದಾಸೆಯೋ, ಹೊಳೆಯುವ ಯಂತ್ರದ ಮೋಹವೋ, ಯಾವುದೋ ಮಾತಿನ ಜಗಳವೋ? ಕ್ಯಾಮರಾವೇ ಅವನನ್ನು ಕೊಂದಿತೆಂದು ಹೇಳಿದರೆ ಅದು ಕಥೆ ಕಟ್ಟಿದಂತಾದೀತು. ಆದರೆ ಬಾತ್ಮೀದಾರನೆಂಬ ಕೆಲಸವನ್ನು ಅವನಿಗೆ ಕೊಡಿಸಿದ್ದು ಅವನ ಕ್ಯಾಮರಾ. ಸಾಧಾರಣ ವರ್ತಕನಂತೆ ಒಂಟೆಸಾಲಿನ ಜೊತೆ ಸೇರಿ ಹೋಗದೆ, ಚಕ್ರದ ಮೇಲೆ, ಒಂಟಿಯಾಗಿ, ಎಲ್ಲರ ಕಣ್ಣಿಗೆ ಬೀಳುತ್ತ ಹೋಗಬೇಕಾದದ್ದೂ ಆ ಕೆಲಸದಿಂದಲೇ. ತಾನು ನೋಡಬೇಕೆಂದು ಹೋದವನು ತಾನೇ ನೋಟವಾಗುತ್ತಿದ್ದ.

ಇಷ್ಟರಲ್ಲಿ ಎರ್ಜುರುಮಿನಲ್ಲಿ ಬೇರೊಂದು ಘೋರ ನಡೆಯಿತು. ಸುಲ್ತಾನ್ ಅಬ್ದುಲ್ ಹಮೀದನ ಆಳ್ವಿಕೆಯಲ್ಲಿ ೧೮೯೪ರಿಂದ ಅರ್ಮೇನಿಯನ್ನರ ಕಗ್ಗೊಲೆಗಳು ಊರಿಂದೂರಿಗೆ ಹಬ್ಬಿದ್ದುವು. ೧೮೯೫ರ ಅಕ್ಟೋಬರ್ ೩೦ರಂದು ಆ ಬೆಂಕಿ ಎರ್ಜುರುಮಿನ ಬೀದಿಗಳಿಗೆ ಬಂತು. ಅಂಗಡಿಗಳು ಸೂರೆಯಾದುವು; ಮನೆಯೊಳಗಿದ್ದವರನ್ನು ಮನೆಯೊಳಗೆ, ಬೀದಿಯಲ್ಲಿದ್ದವರನ್ನು ಬೀದಿಯಲ್ಲಿ ಕೊಂದರು. ಒಬ್ಬ ಅಮೆರಿಕನ್ನನ ಸಾವಿನ ವಿಚಾರಣೆಗೆಂದು ಬಂದಿದ್ದ ಸ್ಯಾಕ್ಟ್‌ಲೆಬೆನ್ ಅಂದು ಆ ಊರಿನಲ್ಲಿಯೇ ಇದ್ದ.

ಕೆಲವು ದಿನಗಳಲ್ಲಿ ಅವನು ಒಬ್ಬ ಅರ್ಮೇನಿಯನ್ ಛಾಯಾಗ್ರಾಹಕನನ್ನು ಜೊತೆಗೆ ಕರೆದುಕ್ೊಂಡು ಊರಿನ ಅರ್ಮೇನಿಯನ್ ಸ್ಮಶಾನಕ್ಕೆ ಹೋದ. ಗೋಡೆಯ ಪಕ್ಕದಲ್ಲಿ ಸಾಲಾಗಿ ಮಲಗಿಸಿದ್ದ ಹೆಣಗಳನ್ನು ಎಣಿಸಿದ. ಅವನು ಬರೆದಿಟ್ಟ ಲೆಕ್ಕ ೩೨೧. ಒಂದೇ ಕಂದಕದಲ್ಲಿ ಅವರೆಲ್ಲರ ಸಂಸ್ಕಾರ ನಡೆಯುತ್ತಿತ್ತು. ಆ ದೃಶ್ಯಗಳನ್ನು ಕ್ಯಾಮರಾ ಹಿಡಿಯಿತು. ಸ್ಯಾಕ್ಟ್‌ಲೆಬೆನ್ ಕಂಡದ್ದನ್ನೆಲ್ಲ ಬರೆದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಕಳುಹಿಸಿದ. ಬರೆದವನ ಕ್ಷೇಮಕ್ಕಾಗಿ ಹೆಸರಿಲ್ಲದೆಯೇ ಆ ಕಾಗದ ಆ ವರ್ಷದ ಡಿಸೆಂಬರಿನಲ್ಲಿ ಅಚ್ಚಾಯಿತು. ಚಿತ್ರಗಳೂ ಯುರೋಪನ್ನು ಸೇರಿದುವು. ಚಿತ್ರವಿಲ್ಲದೆ ಹೋಗಿದ್ದರೆ, ಇದೆಲ್ಲ ಶತ್ರುಗಳ ಉತ್ಪ್ರೇಕ್ಷೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಎಷ್ಟು ಸುಲಭವಾಗುತ್ತಿತ್ತು! ಅರಾರತ್ತಿನ ಮೇಲೆ ಬಾವುಟದ ಚಿತ್ರ ತೆಗೆದ ತರುಣನು ನಾಲ್ಕೇ ವರ್ಷಗಳಲ್ಲಿ ಈ ಕಂದಕದ ಅಂಚಿಗೆ ಬಂದು ನಿಂತಿದ್ದ. ಪಕ್ಕದಲ್ಲಿ ನಿಂತು ಚಿತ್ರ ತೆಗೆದವನದಾದರೋ ಅದು ಸ್ವಂತ ಊರು, ಸ್ವಂತ ಜನ. ಅವನ ಧೈರ್ಯದ ಮುಂದೆ ಲೋಕ ಸುತ್ತಿದವರ ಧೈರ್ಯ ಸಣ್ಣದಾಗಿ ಕಾಣುತ್ತದೆ.

ಸ್ಯಾಕ್ಟ್‌ಲೆಬೆನ್ ಮುಂದೆ ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿ ನೆಲೆಸಿ, ಒಂದು ನಾಟಕಶಾಲೆಯ ವ್ಯವಸ್ಥಾಪಕನಾಗಿ ಬಾಳಿ, ೧೯೫೩ರಲ್ಲಿ ತೀರಿಕೊಂಡ. ಅವನ ಪ್ರವಾಸದ ನೂರಾರು ನೆಗೆಟಿವ್‌ಗಳು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿವೆ. ೧೮೯೧ರಲ್ಲಿ ತುರ್ಕಿಯ ದಾರಿಯಲ್ಲಿ ತೆಗೆದವುಗಳನ್ನು ಅಲ್ಲಿಯ ಫೌಲರ್ ವಸ್ತುಸಂಗ್ರಹಾಲಯದವರು ೨೦೧೪ರ ಕೊನೆಯಲ್ಲಿ ಪ್ರದರ್ಶನಕ್ಕಿಟ್ಟರು. ಲೆಂಜನ ಕಥೆಯನ್ನು ಡೇವಿಡ್ ಹರ್ಲಿಹಿ ಎಂಬವರು ಕಾಗದಪತ್ರಗಳಿಂದ ಹೆಕ್ಕಿ ತೆಗೆದು ೨೦೧೦ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ನೆಗೆಟಿವ್‌ಗಳಲ್ಲಿ ಕಾಣುವ ಹಳ್ಳಿಗಳಲ್ಲಿ ಅರ್ಮೇನಿಯನ್ನರು ಈಗಿಲ್ಲ. ೧೯೧೫ರ ಗಡೀಪಾರು ಮತ್ತು ಸಂಹಾರ ಉಳಿದವರನ್ನೂ ಅಳಿಸಿಬಿಟ್ಟಿತು. ಇಗರ್ಜಿಯ ಮುಂದೆ ನಿಂತ ಮಕ್ಕಳು, ಬೈಸಿಕಲ್ಲಿನ ಗಂಟೆಯನ್ನು ಮುಟ್ಟಲು ಕೈಚಾಚಿದ ಹುಡುಗ, ಇಂತಹವರ ಹೆಸರನ್ನು ಕೇಳಿ ಬರೆದುಕೊಳ್ಳುವಷ್ಟು ವ್ಯವಧಾನ ಅಂದಿನ ಸವಾರರಿಗೆ ಇರಲಿಲ್ಲ.

ಹಳೆಯ ದಾರಿಯ ಮೇಲೆ ಈಗ ಡಾಂಬರಿನ ಹೆದ್ದಾರಿಯಿದೆ. ಕರಕಿಲಿಸೆಯ ಹೆಸರು ಆರಿ ಎಂದಾಗಿದೆ. ಅರಾರತ್ತನ್ನು ತುರ್ಕರು ಕರೆಯುವ ಹೆಸರೂ ಅದೇ. ಬಯಾಜಿದ್ ಪಟ್ಟಣ ಬೆಟ್ಟದಿಂದಿಳಿದು ಬಯಲಿಗೆ ಬಂದು ದೋಉಬಯಾಜಿತ್ ಆಗಿದೆ. ಒಂಟೆಗಳ ಬದಲು ಸರಕಿನ ಲಾರಿಗಳು ಗುರ್ಬುಲಾಕಿನ ಗಡಿಕಟ್ಟೆಯತ್ತ ಸಾಲುಗಟ್ಟಿ ಸಾಗುತ್ತವೆ, ಗಡಿಯಾಚೆ ಇರಾನು. ಯುರೋಪಿನಿಂದ ಏಷ್ಯಕ್ಕೆ ಹೊರಟ ಬೈಸಿಕಲ್ ಸವಾರರು ಇಂದಿಗೂ ಈ ದಾರಿಯನ್ನು ತುಳಿಯುವುದುಂಟು. ಅವರ ಕ್ಯಾಮರಾ ಅಂಗಿಯ ಜೇಬಿನಲ್ಲಿ ಅಡಗುವಂತಹುದು. ತೆಗೆದ ಚಿತ್ರ ಆ ಕ್ಷಣವೇ ಊರಿನ ತಾಯಿಯ ಕೈ ಸೇರುತ್ತದೆ.

ಪಟ್ಟಣದ ಮೇಲುಗಡೆ ಬಂಡೆಯ ನೆತ್ತಿಯಲ್ಲಿ ೧೭೮೪ರಲ್ಲಿ ಕಟ್ಟಿ ಮುಗಿಸಿದ ಇಸಾಕ್ ಪಾಷಾ ಅರಮನೆಯಿದೆ. ಸವಾರರು ಅಲ್ಲಿಯವರೆಗೆ ತುಳಿದು ಹತ್ತಿ, ಬೈಸಿಕಲ್ಲನ್ನು ಕಲ್ಲಿನ ಗೋಡೆಗೆ ಒರಗಿಸಿ, ಕೆಳಗಿನ ಬಯಲನ್ನು ನೋಡುತ್ತ ನಿಲ್ಲುತ್ತಾರೆ. ಚಿತ್ರ ತೆಗೆಯಬೇಕೆನ್ನುವವರು ಬೆಳಗ್ಗೆಯೇ ಹೊರಡುವುದು ಒಳ್ಳೆಯದು. ಹೊತ್ತೇರಿದಂತೆ ಅರಾರತ್ತಿನ ನೆತ್ತಿಯನ್ನು ಮೋಡ ಕವಿದುಕೊಳ್ಳುವುದೇ ಹೆಚ್ಚು.